ಕೆಲಸ ಜಾಸ್ತಿಯಾದಾಗ ಗುಂಡಿನ ಎರಕವನ್ನು ಎತ್ತಿಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಅಮೆರಿಕದ ಒಹಾಯೋದಲ್ಲಿ, ಹುಟ್ಟಿದ್ದು ಕೊಡಗಿನಲ್ಲಿ. ವಾರವಿಡೀ ಸಾಫ್ಟ್‌ವೇರ್ ಕೆಲಸ. ಬಿಡುವಿದ್ದ ಶನಿವಾರ ಗ್ಯಾರೇಜಿನಲ್ಲಿ ಸೀಸ ಕರಗಿಸಿ, ನನ್ನ ರಿವಾಲ್ವರಿಗೂ ಒಂದು ಹಳೆ ರೈಫಲ್ಲಿಗೂ ಗುಂಡು ಎರಕ ಹೊಯ್ಯುತ್ತೇನೆ. ಗುಂಡು ಅಂದರೆ ತೋಟಾದ ತುದಿಯಲ್ಲಿ ಕೂರುವ ಸೀಸದ ತುಂಡು ಮಾತ್ರ, ಇಡೀ ತೋಟಾ ಅಲ್ಲ. ಈ ಹವ್ಯಾಸವನ್ನು ಎರಡು ಸಲ ನಿಲ್ಲಿಸಿ ಎರಡು ಸಲ ಮತ್ತೆ ಶುರು ಮಾಡಿದ್ದೇನೆ. ಮೊದಲ ಸಲ ಎಲ್ಲವನ್ನೂ ಇದ್ದಲ್ಲೇ ಬಿಟ್ಟು ಹೋದೆ. ಎರಡನೆಯ ಸಲ ಒಂದು ಮಧ್ಯಾಹ್ನ ಕೂತು ಎತ್ತಿಟ್ಟೆ. ಎರಡಕ್ಕೂ ಇದ್ದ ವ್ಯತ್ಯಾಸ ನೋಡಿದ ಮೇಲೆ ಇದನ್ನು ಬರೆಯಬೇಕು ಅನ್ನಿಸಿತು. ಇದೇ ಹವ್ಯಾಸವಿರುವ ಇಲ್ಲಿನ ಕನ್ನಡದ ಗೆಳೆಯರು ಫೋನಿನಲ್ಲಿ ಕೇಳುವ ಪ್ರಶ್ನೆಗಳೇ ಇಲ್ಲಿವೆ.

ಎರಡು ಮೂರು ತಿಂಗಳು ಮುಟ್ಟುವುದಿಲ್ಲ ಅಷ್ಟೇ. ಅದಕ್ಕೂ ಎತ್ತಿಡಬೇಕಾ?

ಹೌದು. ಎರಡು ತಿಂಗಳು ಅಂದುಕೊಂಡದ್ದು ಎಷ್ಟಾಗುತ್ತದೆ ಅಂತ ನಮಗೆ ಗೊತ್ತಿರುವುದಿಲ್ಲ. ನನ್ನ ಮೊದಲ ವಿರಾಮ ಒಂದು ರಿಲೀಸ್ ಮುಗಿಯುವವರೆಗೆ ಅಂತ ಶುರುವಾಯಿತು. ರಿಲೀಸ್ ಮುಂದಕ್ಕೆ ಹೋಯಿತು, ಆಮೇಲೆ ಇನ್ನೊಂದು ಪ್ರಾಜೆಕ್ಟ್ ಬಂತು. ಬೆಂಚಿಗೆ ವಾಪಸ್ ಬಂದಾಗ 14 ತಿಂಗಳಾಗಿತ್ತು.

ಬೆಂಚಿನ ಮೇಲೆ ಬಿಟ್ಟಿದ್ದ ಕಬ್ಬಿಣದ ಅಚ್ಚನ್ನು ತೆರೆದೆ. ಗುಂಡಿನ ಮೂಗು ಕೂರುವ ಕಡೆ, ಅರಿಶಿನದ ಚುಕ್ಕೆಯಷ್ಟು ಒಂದು ತುಕ್ಕು. ಎಣ್ಣೆ ಹಚ್ಚಿ ಒರೆಸಿದೆ, ಬಣ್ಣ ಹೋಯಿತು. ಆದರೆ ಅದರ ಕೆಳಗೆ ಸೂಜಿಮೊನೆಯಷ್ಟು ಗುಳಿ ಬಿದ್ದಿತ್ತು. ಅವತ್ತಿನಿಂದ ಆ ಅಚ್ಚಿನಿಂದ ಬಂದ ಪ್ರತಿಯೊಂದು ಗುಂಡಿನ ಮೂಗಿನ ಮೇಲೂ ಒಂದು ಸಣ್ಣ ಗುಳ್ಳೆ. ಅಚ್ಚು ಎಂಥದನ್ನೂ ಮರೆಯುವುದಿಲ್ಲ. ಹತ್ತು ನಿಮಿಷದ ಕೆಲಸ ಮಾಡದೆ ಬಿಟ್ಟದ್ದಕ್ಕೆ ಒಂದು ಒಳ್ಳೆಯ ಅಚ್ಚು ಹಾಳಾಯಿತು.

ಪೂರ್ತಿ ನಿಲ್ಲಿಸುವ ಬದಲು ರಾತ್ರಿ ಊಟ ಆದಮೇಲೆ ಒಂದು ಗಂಟೆ ಮಾಡಬಾರದಾ?

ಬೇಡ. ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನಾವು ಎರಕ ಹೊಯ್ಯುವುದು ಹೆಚ್ಚುಕಡಿಮೆ 370ರಿಂದ 400 ಡಿಗ್ರಿಯಲ್ಲಿ. ಆ ಪಾತ್ರೆಯ ಮುಂದೆ ಕೂತವರಿಗೆ ನಿದ್ದೆಗಣ್ಣು ಇರಬಾರದು, ಅವಸರ ಇರಬಾರದು, ಜೇಬಿನಲ್ಲಿ ಆನ್‌ಕಾಲ್ ಫೋನ್ ಅಂತೂ ಇರಲೇಬಾರದು. ಫೋನ್ ಬಾರಿಸಿತು ಅಂತ ಪಾತ್ರೆ ಬಿಟ್ಟು ಮೇಲೆ ಓಡುತ್ತೀರಿ. ಗ್ಲೌಸ್ ಹಾಕಿದ್ದ ಕೈಯಲ್ಲೇ ಲ್ಯಾಪ್‌ಟಾಪ್ ಮುಟ್ಟುತ್ತೀರಿ. ಹಸಿವಾಗಿದೆ ಅಂತ ಅದೇ ಕೈಯಲ್ಲಿ ಬಿಸ್ಕತ್ತು ಬಾಯಿಗೆ ಹೋಗುತ್ತದೆ.

ಇನ್ನೊಂದು ಮಾತೂ ಇದೆ. ಪಾತ್ರೆ ಕಾಯಲು ಅರ್ಧ ಗಂಟೆ ಬೇಕು, ಅಚ್ಚು ಹದಕ್ಕೆ ಬರಲು ಮತ್ತೆ ಹತ್ತು ಹದಿನೈದು ನಿಮಿಷ. ಕೊನೆಗೆ ತಣಿಸಿ, ಒರೆಸಿ, ಸ್ನಾನ ಮಾಡಬೇಕು. ಒಂದು ಗಂಟೆಯಲ್ಲಿ ಕೈಗೆ ಸಿಗುವುದು ಏನೂ ಇಲ್ಲ. ಬಿಡುವಿಲ್ಲದ ಕಾಲದಲ್ಲಿ ಮೊದಲೇ ಮಾಡಿಟ್ಟ ಗುಂಡು ಖರ್ಚು ಮಾಡಿ, ಗುಂಡು ಹೊಡೆಯುವ ರೇಂಜಿಗೆ ಹೋಗಿ ಬನ್ನಿ. ಎರಕ ಕಾಯುತ್ತದೆ.

ನಿಲ್ಲಿಸುವ ಮುಂಚೆ ಇರುವ ಸೀಸವನ್ನೆಲ್ಲ ಕರಗಿಸಿ ಗುಂಡು ಮಾಡಿಬಿಡಲಾ?

ಅವಸರದ ಕೊನೆಯ ದಿನಕ್ಕಿಂತ ಅಪಾಯದ ದಿನ ಇನ್ನೊಂದಿಲ್ಲ. ಸೀಸ ಕೆಡುವ ವಸ್ತುವಲ್ಲ, ಗಟ್ಟಿ (ಇಟ್ಟಿಗೆಯಂಥ ತುಂಡು) ರೂಪದಲ್ಲೇ ಇರಲಿ.

ಅದರಲ್ಲೂ ಬೇರ್ಪಡಿಸದ ವೀಲ್ ವೇಟ್ ಬಕೆಟ್ಟನ್ನು ಕೊನೇ ಗಳಿಗೆಯಲ್ಲಿ ಪಾತ್ರೆಗೆ ಸುರಿಯಬೇಡಿ. ಕಾರಿನ ಚಕ್ರದ ಸಮತೋಲಕ್ಕೆ ಹಾಕುವ ಈ ತೂಕಗಳಲ್ಲಿ ಈಗ ಸತುವಿನವೂ ಉಕ್ಕಿನವೂ ಬಹಳ. ಸತು ಕರಗುವುದು ಸುಮಾರು 420 ಡಿಗ್ರಿಯಲ್ಲಿ. ಉರಿ ಹದವಾಗಿದ್ದರೆ ಅದು ಸೀಸದ ಮೇಲೆ ತೇಲುತ್ತದೆ, ಸೌಟಿನಿಂದ ತೆಗೆದು ಹಾಕಬಹುದು. ಬೇಗ ಮುಗಿಸೋಣ ಅಂತ ಉರಿ ಏರಿಸಿದರೆ ಅದೂ ಕರಗಿ ಸೇರಿಕೊಳ್ಳುತ್ತದೆ. ಆಮೇಲೆ ಆ ಲೋಹ ಗಂಜಿಯ ಹಾಗೆ ಮುದ್ದೆಯಾಗಿ, ಅಚ್ಚಿನ ಮೂಲೆ ತುಂಬುವುದೇ ಇಲ್ಲ. ಬಕೆಟ್ಟಿಗೆ ಮುಚ್ಚಳ ಹಾಕಿ, "ಬೇರ್ಪಡಿಸಿಲ್ಲ" ಅಂತ ಬರೆದು ಬಿಟ್ಟುಬಿಡಿ.

ಪಾತ್ರೆಯಲ್ಲಿ ಉಳಿದ ಸೀಸವನ್ನು ಖಾಲಿ ಮಾಡಬೇಕಾ?

ಪೂರ್ತಿ ಖಾಲಿ ಮಾಡುವುದಿಲ್ಲ ನಾನು. ತಳದಲ್ಲಿ ಎರಡು ಮೂರು ಸೆಂಟಿಮೀಟರ್ ಬಿಡುತ್ತೇನೆ. ಲೀ ಪ್ರೊ 4-20 ತರಹದ, ಕೆಳಗಿನ ತೂತಿನಿಂದ ಸುರಿಯುವ ಪಾತ್ರೆಗಳಲ್ಲಿ ತೂತು ಮತ್ತು ಅದನ್ನು ಮುಚ್ಚುವ ಕಡ್ಡಿ ಎರಡೂ ಆ ಸೀಸದೊಳಗೇ ಮುಚ್ಚಿಹೋಗುತ್ತವೆ. ಗಾಳಿ ತಾಗುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಉಳಿದದ್ದನ್ನು ಗಟ್ಟಿ ಹೊಯ್ದು ತೆಗೆಯಿರಿ.

ಆಮೇಲೆ ಪ್ಲಗ್ ಕಿತ್ತು, ವಯರ್ ಸುತ್ತಿ, ಪಾತ್ರೆಯ ಮೈಗೆ ಒಂದು ಟೇಪ್ ಅಂಟಿಸಿ. ಒಳಗೆ ಯಾವ ಮಿಶ್ರಣ ಇದೆ ಅಂತ ಅದರ ಮೇಲೆ ಬರೆಯಿರಿ. "ನೆನಪಿರುತ್ತೆ ಬಿಡು" ಅನ್ನಿಸುತ್ತದೆ. ಇರುವುದಿಲ್ಲ. ಬಾಯಿಗೆ ತಗಡಿನ ಮುಚ್ಚಳ ಹಾಕಿ. ಇಲ್ಲದಿದ್ದರೆ ಜೇಡ, ಧೂಳು ಮತ್ತು ಮುಖ್ಯವಾಗಿ ತೇವ ಒಳಗೆ ಸೇರುತ್ತದೆ. ತೇವದ ವಿಷಯ ಕೊನೆಯಲ್ಲಿ ಮತ್ತೆ ಹೇಳುತ್ತೇನೆ.

ಅಚ್ಚುಗಳನ್ನು ಹೇಗೆ ಇಡಬೇಕು?

ಎತ್ತಿಡುವ ಕೆಲಸದಲ್ಲಿ ಅರ್ಧ ಇದೇ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ಅಚ್ಚು ತಾನಾಗಿಯೇ ತಣ್ಣಗಾಗಲಿ. ಬಿಸಿ ಅಚ್ಚನ್ನು ನೀರಿಗೆ ಅದ್ದಿದರೆ ಎರಡು ಹೋಳುಗಳು ಸೊಟ್ಟಗಾಗಿ, ಮುಚ್ಚಿದಾಗ ನಡುವೆ ಬೆಳಕು ಕಾಣುತ್ತದೆ. ತಣ್ಣಗಾದ ಮೇಲೆ ಮೆತ್ತನೆ ಬ್ರಷ್ಷಿನಿಂದ ಒಳಗಿನ ಸೀಸದ ಚೂರು, ಮಸಿ ತೆಗೆಯಿರಿ. ಕಬ್ಬಿಣದ ಬ್ರಷ್ ಬೇಡ. ಮೇಲೆ ತಿರುಗುವ ತಗಡು ಇದೆಯಲ್ಲ, ಸ್ಪ್ರೂ ಪ್ಲೇಟ್, ಅದರ ಸ್ಕ್ರೂ ಸ್ವಲ್ಪ ಸಡಿಲ ಮಾಡಿ ಅಡಿಯನ್ನೂ ಒರೆಸಿ. ತುಕ್ಕು ಶುರುವಾಗುವುದು ನಾವು ನೋಡದ ಕಡೆಯಿಂದಲೇ.

ಈಗ ಎಣ್ಣೆ. ಬಂದೂಕಿಗೆ ಹಾಕುವ ತೆಳು ಎಣ್ಣೆ ಸಾಕು. ಬಟ್ಟೆಗೆ ಎರಡು ಹನಿ ಹಾಕಿ ಇಡೀ ಅಚ್ಚಿಗೆ ಸವರಿ. ಒಳಗೆ, ಹೊರಗೆ, ಹೋಳುಗಳು ಕೂಡುವ ಮುಖ, ಪಿನ್ನು, ಸ್ಕ್ರೂ ಯಾವುದನ್ನೂ ಬಿಡಬೇಡಿ. ಆಮೇಲೆ ತುಕ್ಕು ತಡೆಯುವ ಕಾಗದದಲ್ಲಿ ಸುತ್ತಿ, ರಬ್ಬರ್ ಅಂಚಿರುವ ಡಬ್ಬಿಗೆ ಹಾಕಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ಇಲ್ಲಿ ಮಿಲಿಟರಿ ಸಾಮಾನಿನ ಅಂಗಡಿಯಲ್ಲಿ ಸಿಗುವ ತೋಟಾ ಡಬ್ಬಿಗಳು ಇದಕ್ಕೆ ಹೇಳಿ ಮಾಡಿಸಿದ ಹಾಗಿವೆ. ನ್ಯೂಸ್‌ಪೇಪರಿನಲ್ಲಿ ಸುತ್ತಬೇಡಿ. ಅದು ತೇವ ಹೀರಿಕೊಂಡು ಅಚ್ಚಿನ ಮೈಗೇ ಒತ್ತಿ ಹಿಡಿದಿಡುತ್ತದೆ.

ಅಚ್ಚು ಅಲ್ಯೂಮಿನಿಯಮ್ಮಿನದಾದರೆ ತುಕ್ಕಿನ ಭಯ ಕಡಿಮೆ. ಹಾಗಂತ ಸುಮ್ನೆ ಬಿಡಬೇಡಿ. ಅದರ ಪಿನ್ನು, ಸ್ಕ್ರೂ, ಮೇಲಿನ ತಗಡು ಉಕ್ಕಿನವೇ. ಹಿತ್ತಾಳೆ ಅಚ್ಚಿಗೂ ಇದೇ ಮಾತು.

ಕೊನೆಯ ಗುಂಡನ್ನು ಅಚ್ಚಿನೊಳಗೇ ಬಿಟ್ಟರೆ ಗಾಳಿಯಾಡುವುದಿಲ್ಲ, ತುಕ್ಕು ಬರುವುದಿಲ್ಲ ಅಂತ ಹಿಂದಿನಿಂದ ಮಾಡಿಕೊಂಡು ಬಂದವರಿದ್ದಾರೆ. ಒಂದು ವಾರಕ್ಕೆ ಸರಿ. ತಿಂಗಳುಗಟ್ಟಲೆಗೆ ನನಗೆ ಧೈರ್ಯ ಇಲ್ಲ. ತಣಿದ ಗುಂಡು ಕುಗ್ಗಿರುತ್ತದೆ, ಆ ಕೂದಲೆಳೆ ಸಂದಿಗೆ ತೇವ ಹೋಗಬಹುದು. ನಾನು ಎಣ್ಣೆಯನ್ನೇ ನಂಬುತ್ತೇನೆ.

ಮನೆಯಲ್ಲಿ ತೆಂಗಿನೆಣ್ಣೆ ಇದೆ, ಅದೇ ಸವರಬಹುದಾ?

ಇದನ್ನು ಕೇಳಿದವರು ಒಬ್ಬರಲ್ಲ. ಬೇಡ. ತೆಂಗಿನೆಣ್ಣೆ ತಿಂಗಳುಗಳು ಕಳೆದಂತೆ ಕನರುತ್ತದೆ, ಹುಳಿಯಾಗುತ್ತದೆ. ಬೇರೆ ಅಡುಗೆ ಎಣ್ಣೆಗಳು ಅಂಟಾಗಿ ಗಟ್ಟಿಯಾಗುತ್ತವೆ. ಆ ಅಂಟನ್ನು ಅಚ್ಚಿನ ಸಣ್ಣ ಗೆರೆಗಳಿಂದ ಬಿಡಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ. ಪೆಟ್ರೋಲಿಯಂ ಎಣ್ಣೆಯೇ ಬೇಕು.

ಮಾಡಿಟ್ಟ ಗುಂಡುಗಳು ಒಂದು ವರ್ಷ ಇಟ್ಟರೆ ಹಾಳಾಗುತ್ತವಾ?

ಹಾಳಾಗುವುದಿಲ್ಲ, ಸ್ವಲ್ಪ ಬದಲಾಗುತ್ತವೆ. ಆಂಟಿಮನಿ ಇರುವ ಮಿಶ್ರಣ ಎರಕದ ನಂತರದ ದಿನಗಳಲ್ಲಿ ತಾನಾಗಿ ಗಟ್ಟಿಯಾಗುತ್ತಾ ಹೋಗುತ್ತದೆ. ಬಿಸಿಬಿಸಿ ಗುಂಡನ್ನು ಅಚ್ಚಿನಿಂದ ನೇರ ನೀರಿಗೆ ಬೀಳಿಸಿದ್ದರೆ ಇನ್ನೂ ಜಾಸ್ತಿ. ವರ್ಷಗಳು ಕಳೆದಂತೆ ಆ ಹೆಚ್ಚುವರಿ ಗಟ್ಟಿತನ ನಿಧಾನವಾಗಿ ಇಳಿಯುತ್ತದೆ. ಹಾಗಾಗಿ ಡಬ್ಬಿಯ ಮೇಲೆ ತಾರೀಕು ಬರೆಯಿರಿ, ನೀರಿಗೆ ಹಾಕಿದ್ದೋ ಗಾಳಿಯಲ್ಲಿ ತಣಿಸಿದ್ದೋ ಅದನ್ನೂ ಬರೆಯಿರಿ.

ಗುಂಡು ಬೂದು ಬಣ್ಣಕ್ಕೆ ತಿರುಗಿದರೆ ಚಿಂತೆ ಬೇಡ, ಅದು ಸಹಜ. ಬಿಳಿ ಪುಡಿ ಕಾಣಿಸಿದರೆ ಮಾತ್ರ ಎಚ್ಚರ. ಹುಳಿ ಆವಿ ಮತ್ತು ತೇವ ಸೇರಿ ಸೀಸವನ್ನು ತಿಂದಾಗ ಬರುವ ಪುಡಿ ಅದು. ಓಕ್ ಮರ ಇಂಥ ಆವಿ ಬಿಡುತ್ತದೆ. ಹಳೆ ಸೀಸದ ವಸ್ತುಗಳನ್ನು ಓಕ್ ಕಪಾಟಿನಲ್ಲಿ ಇಡಬಾರದು ಅನ್ನುವುದು ಮ್ಯೂಸಿಯಂನವರಿಗೆ ಚೆನ್ನಾಗಿ ಗೊತ್ತಿರುವ ವಿಷಯ. ವಿನೆಗರ್ ಬಾಟಲಿ ಇರುವ ಶೆಲ್ಫೂ ಬೇಡ. ಪುಡಿ ಬಂದಿದ್ದರೆ ಒಣಗಿದ ಹಾಗೇ ಉಜ್ಜಬೇಡಿ, ಊದಬೇಡಿ. ಅದು ಮೈಗೆ ಸುಲಭವಾಗಿ ಸೇರುವ ವಿಷ. ಎಣ್ಣೆ ಸವರಿದ ಬಟ್ಟೆಯಲ್ಲಿ ಒರೆಸಿ, ಗ್ಲೌಸ್ ಹಾಕಿಕೊಂಡು.

ನಳಿಗೆಯಲ್ಲಿ ಸರಾಗವಾಗಿ ಜಾರಲಿ ಅಂತ ಜೇನುಮೇಣದ ಜಿಡ್ಡು ಹಚ್ಚಿದ ಗುಂಡುಗಳನ್ನು ಮುಚ್ಚಿದ ಡಬ್ಬಿಯಲ್ಲಿ, ತಂಪಾದ ಕಡೆ ಇಡಿ. ಬೇಸಿಗೆಯ ಗ್ಯಾರೇಜಿನಲ್ಲಿ ಜೇನುಮೇಣ ಮೆತ್ತಗಾಗಿ ಇಳಿಯುತ್ತದೆ, ಧೂಳು ಅಂಟುತ್ತದೆ. ಜಿಡ್ಡು ತುಂಬುವ ಮೆಷಿನ್ ಇದ್ದರೆ ಅದರ ಸ್ಕ್ರೂವನ್ನು ಎರಡು ಸುತ್ತು ಹಿಂದಕ್ಕೆ ತಿರುಗಿಸಿ, ಒತ್ತಡ ಬಿಡಿಸಿ. ಇಲ್ಲದಿದ್ದರೆ ವಾಪಸ್ ಬರುವಷ್ಟರಲ್ಲಿ ಅರ್ಧ ಜಿಡ್ಡು ಬೆಂಚಿನ ಮೇಲೆ ಹರಿದಿರುತ್ತದೆ.

ಗಟ್ಟಿಗಳ ಮೇಲೆ ಏನು ಬರೆಯಬೇಕು?

ಮಿಶ್ರಣದ ಹೆಸರು, ವರ್ಷ. ಅಷ್ಟು ಸಾಕು. ಆದರೆ ಬರೆಯದೆ ಬಿಡಬೇಡಿ. ಎಲ್ಲ ಸೀಸವೂ ನೋಡಲು ಒಂದೇ ತರಹ. ಶುದ್ಧ ಸೀಸದ ಗಟ್ಟಿತನ ಬ್ರಿನೆಲ್ ಅಳತೆಯಲ್ಲಿ ಸುಮಾರು 5. ಲೈಮನ್ ನಂಬರ್ 2 ಅನ್ನುವ ಮಿಶ್ರಣ, ಅಂದರೆ 90 ಪಾಲು ಸೀಸ, 5 ತವರ, 5 ಆಂಟಿಮನಿ, ಸುಮಾರು 15. ಹಿಂದೆ ಅಚ್ಚುಕೂಟಗಳಲ್ಲಿ ಬಳಸುತ್ತಿದ್ದ ಲೈನೋಟೈಪ್ ಲೋಹದಲ್ಲಿ 84 ಸೀಸ, 12 ಆಂಟಿಮನಿ, 4 ತವರ. ಅದು 22ರ ಹತ್ತಿರ ಹೋಗುತ್ತದೆ. ಈ ಮೂರನ್ನೂ ಒಂದೇ ರಾಶಿಯಲ್ಲಿ ಕಲಸಿದರೆ, ವರ್ಷ ಬಿಟ್ಟು ಬಂದವರಿಗೆ ಯಾವುದು ಯಾವುದು ಅಂತ ಹೇಗೆ ತಿಳಿಯಬೇಕು?

ಸೀಸ ಬಡಿದು ಅಕ್ಷರ ಮೂಡಿಸುವ ಉಕ್ಕಿನ ಪಂಚ್ ಅಥವಾ ದಪ್ಪ ಮಾರ್ಕರ್ ಎರಡೂ ನಡೆಯುತ್ತವೆ. ಆಗಲೇ ಗೊಂದಲವಾಗಿದ್ದರೆ ಚಿತ್ರ ಬಿಡಿಸುವವರ ಪೆನ್ಸಿಲ್ ಸೆಟ್ ತನ್ನಿ. ಮೆತ್ತನೆಯದರಿಂದ ಶುರು ಮಾಡಿ ಒಂದೊಂದಾಗಿ ಗಟ್ಟಿಯ ಮೇಲೆ ಒತ್ತಿ ತಳ್ಳುತ್ತಾ ಹೋಗಿ. ಯಾವ ಪೆನ್ಸಿಲ್ ಮೊದಲು ಸೀಸವನ್ನು ಕೆರೆಯುತ್ತದೋ ಅದರಿಂದ ಗಟ್ಟಿತನದ ಅಂದಾಜು ಸಿಗುತ್ತದೆ. ನಿಮಗೆ ಗೊತ್ತಿರುವ ಒಂದು ಗಟ್ಟಿಯನ್ನು ಪಕ್ಕದಲ್ಲಿಟ್ಟು ಹೋಲಿಸಿ.

ಇಡುವ ಜಾಗ ನೆಲವೇ ಆಗಲಿ. ಒಂದು ಲೀಟರ್ ನೀರಿನ ಬಾಟಲಿಯಷ್ಟು ಸೀಸ 11 ಕಿಲೋ ದಾಟುತ್ತದೆ. ಶೆಲ್ಫ್ ಇವತ್ತು ತಡೆಯಬಹುದು, ಎಂಟು ತಿಂಗಳಾದ ಮೇಲೆ ಯಾರೂ ಇಲ್ಲದಾಗ ಬಗ್ಗಿ ಬೀಳಬಹುದು.

ಮನೆಯಲ್ಲಿ ಮಕ್ಕಳಿದ್ದಾರೆ. ಏನು ಮಾಡಬೇಕು?

ಉಳಿದ ಎಲ್ಲ ಉತ್ತರ ಮರೆತರೂ ಇದೊಂದನ್ನು ಮರೆಯಬೇಡಿ.

ಎರಕದ ಜಾಗವನ್ನು ನಾವು ದಿನಾ ಬಳಸುತ್ತಿರುವಾಗ ಎಚ್ಚರ ಇರುತ್ತದೆ, ಬಾಗಿಲು ಹಾಕಿರುತ್ತೇವೆ. ನಿಲ್ಲಿಸಿದ ಮೇಲೆ ಅದೇ ಮೂಲೆ ಸೈಕಲ್ ನಿಲ್ಲಿಸುವ ಜಾಗ ಆಗುತ್ತದೆ, ಮಗು ಆಟದ ಕಾರು ಓಡಿಸುವ ನೆಲ ಆಗುತ್ತದೆ. ಧೂಳು ಮಾತ್ರ ಅಲ್ಲೇ ಇರುತ್ತದೆ. ಮಕ್ಕಳ ರಕ್ತದಲ್ಲಿ ಸೀಸದ ಬಗ್ಗೆ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಎಚ್ಚರಿಕೆಗೆ ಇಟ್ಟುಕೊಂಡಿರುವ ಅಂಕಿ ಒಂದು ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ. 2021ರಲ್ಲಿ ಅದನ್ನು 5ರಿಂದ ಇಳಿಸಿದರು. ಅದಕ್ಕಿಂತ ಕಡಿಮೆ ಇದ್ದರೆ ಸುರಕ್ಷಿತ ಅಂತ ಅಲ್ಲ. ಮಕ್ಕಳಿಗೆ ಇಷ್ಟು ಸೀಸ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಕಿಟ್ಟ. ಕರಗಿದ ಸೀಸದ ಮೇಲಿಂದ ಸೌಟಿನಲ್ಲಿ ತೆಗೆದು ಹಾಕುವ ಬೂದಿಯಂಥ ಪುಡಿ. ನುಣ್ಣಗಿರುತ್ತದೆ, ಹಾರುತ್ತದೆ. ಅದನ್ನು ಮುಚ್ಚಳವಿರುವ ತಗಡಿನ ಡಬ್ಬಿಗೆ ಹಾಕಿ, ನಿಮ್ಮ ಕೌಂಟಿಯ ಅಪಾಯಕಾರಿ ಕಸ ತೆಗೆದುಕೊಳ್ಳುವ ದಿನ ಕೊಟ್ಟುಬಿಡಿ. ವಿರಾಮಕ್ಕೆ ಮುಂಚೆಯೇ ಕೊಡಿ, ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ನೆಲ, ಬೆಂಚು ಗುಡಿಸಬೇಡಿ. ಪೊರಕೆ ಧೂಳನ್ನು ಎಬ್ಬಿಸುತ್ತದೆ. ಮನೆಯ ಮಾಮೂಲಿ ವ್ಯಾಕ್ಯೂಮ್ ಅದನ್ನು ಹಿಂದಿನಿಂದ ಊದಿ ಇಡೀ ಕೋಣೆಗೆ ಹರಡುತ್ತದೆ. ಒದ್ದೆ ಬಟ್ಟೆಯಲ್ಲಿ, ಸೋಪು ನೀರಿನಲ್ಲಿ ಒರೆಸಿ. ಬಟ್ಟೆ ಬಿಸಾಕಿ, ಹೊಸ ಬಟ್ಟೆಯಲ್ಲಿ ಮತ್ತೊಂದು ಸಲ ಒರೆಸಿ. ಎರಕಕ್ಕೆ ಹಾಕುತ್ತಿದ್ದ ಬೂಟು, ಏಪ್ರನ್ ಚೀಲದಲ್ಲಿ ಕಟ್ಟಿಡಿ.

ಪಾತ್ರೆ ಪಗಡೆ ವಿಷಯ. ಸೀಸಕ್ಕೆ ಬಳಸಿದ ಹಳೆ ಸೌಟು, ಬಾಣಲೆ ಯಾವ ಕಾರಣಕ್ಕೂ ಅಡುಗೆಮನೆಗೆ ವಾಪಸ್ ಹೋಗಬಾರದು. ಇದು ಬರೀ ಮಾತಲ್ಲ. ಊರಿಂದ ಅಮ್ಮ ಬಂದು ಆರು ತಿಂಗಳು ಇರುತ್ತಾರೆ. ಗ್ಯಾರೇಜಿನಲ್ಲಿ ಗಟ್ಟಿಮುಟ್ಟಾದ ಒಂದು ಕಬ್ಬಿಣದ ಬಾಣಲೆ ಕಂಡರೆ "ಅಯ್ಯೋ, ಇಷ್ಟು ಚೆನ್ನಾಗಿದೆ, ಯಾಕೆ ಇಲ್ಲಿ ಬಿದ್ದಿದೆ" ಅಂತ ತೊಳೆದು ಒಳಗೆ ತರುತ್ತಾರೆ. ನಮ್ಮ ಮನೆಯಲ್ಲಿ ಅಮ್ಮ ಹೀಗೆ ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆ ಬಾಗಿಲವರೆಗೂ ಬಂದಿದ್ದರು. ಅವತ್ತಿನಿಂದ ಪ್ರತಿ ಡಬ್ಬಿಯ ಮೇಲೂ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದೇನೆ: "ಸೀಸ. ವಿಷ. ಮುಟ್ಟಬೇಡಿ." ಇಂಗ್ಲಿಷಿನಲ್ಲಿ ಮಾತ್ರ ಬರೆದರೆ ನಮ್ಮ ಮನೆಗಳಲ್ಲಿ ಸಾಲದು ಅಲ್ವಾ?

ನನ್ನ ರಕ್ತವನ್ನೂ ಪರೀಕ್ಷೆ ಮಾಡಿಸಬೇಕಾ?

ಮಾಡಿಸಿ. ವಿರಾಮ ಅದಕ್ಕೆ ಒಳ್ಳೆಯ ಸಮಯ. ನಿಲ್ಲಿಸಿದ ವಾರ ಒಂದು ಸಲ, ಮೂರು ತಿಂಗಳ ನಂತರ ಇನ್ನೊಂದು ಸಲ. ರಕ್ತದಲ್ಲಿರುವ ಸೀಸ ಸುಮಾರು ಒಂದು ತಿಂಗಳಿಗೆ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಎರಡನೆಯ ಅಂಕಿ ಗಣನೀಯವಾಗಿ ಇಳಿದಿದ್ದರೆ, ಮೊದಲನೆಯದು ನಿಮ್ಮ ಎರಕದ ಅಭ್ಯಾಸದಿಂದ ಬಂದದ್ದು ಅಂತ ಅರ್ಥ ಮಾಡಿಕೊಳ್ಳಬಹುದು. ವಾಪಸ್ ಶುರು ಮಾಡುವಾಗ ಏನು ಬದಲಿಸಬೇಕು ಅಂತ ಯೋಚಿಸಲು ಅದು ಸಾಕು. ರೇಂಜಿಗೆ ಹೋಗುವುದು ನಿಂತಿಲ್ಲ ಅಂದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಒಳಾಂಗಣ ರೇಂಜಿನ ಗಾಳಿಯಲ್ಲೂ ಸೀಸ ಇರುತ್ತದೆ.

ಇಳಿಯದಿದ್ದರೆ ಡಾಕ್ಟರ ಹತ್ತಿರ ಮಾತಾಡಿ. ಮೂಳೆಗೆ ಸೇರಿದ ಸೀಸ ದಶಕಗಟ್ಟಲೆ ಅಲ್ಲೇ ಇದ್ದು, ನಿಧಾನವಾಗಿ ರಕ್ತಕ್ಕೆ ಬರುತ್ತಿರುತ್ತದೆ. ಬಸುರಿಯಿದ್ದಾಗ ಅದು ತಾಯಿಯ ಮೂಳೆಯಿಂದ ಮಗುವಿಗೂ ಹೋಗುತ್ತದೆ. ಮನೆಯಲ್ಲಿ ಮಗುವಿನ ನಿರೀಕ್ಷೆ ಇದ್ದರೆ, ಕೆಲಸ ಬಿಡುವಾಗಿದ್ದರೂ ಎರಕ ನಿಲ್ಲಿಸಿ ಅಂತಲೇ ನನ್ನ ಸಲಹೆ.

ನಮ್ಮಲ್ಲಿ ಸೀಸದ ಹೊಗೆಗೆ ಹೆದರುವವರು ಜಾಸ್ತಿ. ಎರಕದ ಬಿಸಿಯಲ್ಲಿ ಸೀಸ ಆವಿಯಾಗುವುದು ತೀರ ಕಡಿಮೆ. ಮುಖ್ಯ ದಾರಿ ಕೈಯಿಂದ ಬಾಯಿಗೆ.

ಸಾಮಾನು ಮಾರಿಬಿಟ್ಟರೆ ಒಳ್ಳೆಯದಲ್ವಾ?

ಒಂದು ವರ್ಷ ಕಾಯಿರಿ. ಪಾತ್ರೆ, ಅಚ್ಚು ಯಾವಾಗ ಬೇಕಾದರೂ ಹೊಸದು ಸಿಗುತ್ತದೆ. ಸೀಸ ಹಾಗಲ್ಲ. ಮೊದಲು ಟೈರ್ ಅಂಗಡಿಯವರು ಬಕೆಟ್‌ಗಟ್ಟಲೆ ವೀಲ್ ವೇಟ್ ಕೊಡುತ್ತಿದ್ದ ಕಾಲ ಇತ್ತು. ವಾಷಿಂಗ್ಟನ್, ಮೇನ್, ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ಇಲಿನಾಯ್ ತರಹದ ರಾಜ್ಯಗಳು ಸೀಸದ ವೀಲ್ ವೇಟಿಗೆ ಕಡಿವಾಣ ಹಾಕಿದ ಮೇಲೆ ಆ ಬಕೆಟ್‌ಗಳಲ್ಲಿ ಸೀಸದ ಪಾಲು ಕಡಿಮೆಯಾಗುತ್ತಾ ಬಂದಿದೆ. ಅದಿರಿನಿಂದ ನೇರವಾಗಿ ಸೀಸ ತೆಗೆಯುತ್ತಿದ್ದ ಅಮೆರಿಕದ ಕೊನೆಯ ದೊಡ್ಡ ಕುಲುಮೆ, ಮಿಸ್ಸೂರಿಯ ಹರ್ಕ್ಯುಲೇನಿಯಂನದ್ದು, 2013ರ ಕೊನೆಗೆ ಮುಚ್ಚಿತು. ಮರುಬಳಕೆಯ ಸೀಸ ಸಿಗುತ್ತದೆ, ನಿಜ. ಆದರೆ ನೀವು ಕಷ್ಟಪಟ್ಟು ಬೇರ್ಪಡಿಸಿ, ಕರಗಿಸಿ ಹೊಯ್ದ ಗಟ್ಟಿಯನ್ನು ಗುಜರಿ ಬೆಲೆಗೆ ಕೊಟ್ಟು, ಎರಡು ವರ್ಷದ ನಂತರ ದುಪ್ಪಟ್ಟು ಕೊಟ್ಟು ತರುವುದು ಯಾಕೆ?

ವೀಸಾ, ಕಾನೂನು ವಿಷಯದಲ್ಲಿ ಏನಾದರೂ ನೋಡಿಕೊಳ್ಳಬೇಕಾ?

ಸ್ವಂತಕ್ಕೆ ಗುಂಡು ಎರಕ ಹೊಯ್ಯಲು ಅಮೆರಿಕದ ಫೆಡರಲ್ ಲೈಸೆನ್ಸ್ ಬೇಕಿಲ್ಲ. ವ್ಯಾಪಾರಕ್ಕೆ ಇಳಿದರೆ ಲೆಕ್ಕ ಬೇರೆ.

ಆದರೆ ಎಚ್-1ಬಿ ತರಹದ ವಲಸೆಯೇತರ ವೀಸಾದಲ್ಲಿರುವವರು ಬಂದೂಕು ಮತ್ತು ಮದ್ದುಗುಂಡು ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ತಡೆಯುತ್ತದೆ. ಬೇಟೆಯ ಲೈಸೆನ್ಸ್ ಇರುವವರಿಗೆ ವಿನಾಯಿತಿಯಂಥ ಕೆಲವು ದಾರಿಗಳಿವೆ. ಆ ಕಾನೂನಿನಲ್ಲಿ ಬರೀ ಸೀಸದ ಗುಂಡನ್ನೂ ಮದ್ದುಗುಂಡಿನ ಅರ್ಥದೊಳಗೇ ಸೇರಿಸಿದ್ದಾರೆ. ಹಾಗಾಗಿ ಗ್ರೀನ್ ಕಾರ್ಡ್ ಇರುವ ನೀವು, ವಿರಾಮದ ಹೊತ್ತಿಗೆ "ನಿಮ್ಮ ಗ್ಯಾರೇಜಿನಲ್ಲಿ ಇಟ್ಟಿರು ಮಾರಾಯ" ಅಂತ ಎಚ್-1ಬಿಯಲ್ಲಿರುವ ಗೆಳೆಯನ ಮನೆಗೆ ಡಬ್ಬಿ ಸಾಗಿಸಬೇಡಿ. ನಿಮ್ಮ ಸೌಕರ್ಯಕ್ಕೆ ಅವನ ವೀಸಾ ಪಣಕ್ಕಿಡಬೇಡಿ. ಬಾಡಿಗೆ ಮನೆ ಬದಲಿಸುವಾಗ ಡಬ್ಬಿಗಳನ್ನು ಎಲ್ಲಿಡಬಹುದು ಅಂತ ಅನುಮಾನವಿದ್ದರೆ ಲಾಯರ್ ಒಬ್ಬರನ್ನು ಕೇಳಿ.

ವರ್ಷ ಬಿಟ್ಟು ವಾಪಸ್ ಬರುವಾಗ ನಿಮ್ಮ ರಾಜ್ಯದ ನಿಯಮ ಮತ್ತೊಮ್ಮೆ ನೋಡಿ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಬಳಸುವ ಹಾಗೇ ಇಲ್ಲ.

ಕೆಲಸಕ್ಕೆ ಬೆಂಗಳೂರಿಗೆ ಕಳಿಸುತ್ತಿದ್ದಾರೆ. ಒಂದು ಅಚ್ಚು ಜೊತೆಗೆ ಒಯ್ಯಲಾ?

ಖಂಡಿತ ಬೇಡ. ಭಾರತದ 1959ರ ಆರ್ಮ್ಸ್ ಆ್ಯಕ್ಟಿನಲ್ಲಿ ಮದ್ದುಗುಂಡು ಅಂದರೆ ಅದರ ಬಿಡಿಭಾಗಗಳೂ, ಅದನ್ನು ತಯಾರಿಸುವ ಯಂತ್ರ ಸಾಮಾನೂ ಸೇರಿವೆ. ತಯಾರಿಕೆಗೆ ಲೈಸೆನ್ಸ್ ಬೇಕೇ ಬೇಕು. ನಮ್ಮ ಗ್ಯಾರೇಜಿನ ಹವ್ಯಾಸ ಅಲ್ಲಿ ಹವ್ಯಾಸ ಅನ್ನಿಸಿಕೊಳ್ಳುವುದಿಲ್ಲ.

ರೇಂಜಿಗೆ ಒಯ್ಯುತ್ತಿದ್ದ ಬ್ಯಾಗಿನಲ್ಲಿ ಬಟ್ಟೆ ತುಂಬಿಕೊಂಡು ಊರಿಗೆ ಹೊರಡಬೇಡಿ. ಬಿಡುವಿಲ್ಲದ ಕಾಲದಲ್ಲಿ ಆಗುವ ತಪ್ಪೇ ಇದು, ಕೈಗೆ ಸಿಕ್ಕಿದ ಬ್ಯಾಗ್ ಎಳೆದುಕೊಂಡು ಓಡುತ್ತೇವೆ. ಒಳಜೇಬಿನ ಹೊಲಿಗೆಯ ಸಂದಿಯಲ್ಲಿ ಒಂದೇ ಒಂದು ತೋಟಾ ಉಳಿದಿದ್ದರೂ ಅಲ್ಲಿನ ಏರ್‌ಪೋರ್ಟಿನಲ್ಲಿ ಪೊಲೀಸ್ ಕೇಸಾಗಬಹುದು. ಪ್ರಯಾಣದ ಬ್ಯಾಗ್ ಬೇರೆ, ರೇಂಜಿನ ಬ್ಯಾಗ್ ಬೇರೆ ಇರಲಿ.

ತೋಟಾ ತುಂಬುವ ಮದ್ದಿನ ಪುಡಿ, ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಸಣ್ಣ ಬಿಲ್ಲೆ) ಇದೆ. ಅದನ್ನೇನು ಮಾಡಲಿ?

ಮೂಲ ಡಬ್ಬಿಯಲ್ಲೇ, ತಂಪಾದ ಒಣ ಜಾಗದಲ್ಲಿ, ಬೀಗ ಹಾಕಿ ಇಡಿ. ಅಳೆಯುವ ಮೆಷಿನ್ನಿನ ಬಾಯಲ್ಲಿ ಪುಡಿ ಬಿಟ್ಟು ಹೋಗಬೇಡಿ. ಅದು ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಜೊತೆಗೆ, ಅದು ಯಾವ ಪುಡಿ ಅಂತ ಗ್ಯಾರಂಟಿ ಹೇಳಲು ಆಮೇಲೆ ಯಾರಿಂದಲೂ ಆಗುವುದಿಲ್ಲ. ಗೊತ್ತಿಲ್ಲದ ಪುಡಿಯನ್ನು ಎಸೆಯಬೇಕೇ ಹೊರತು ಬಳಸಬಾರದು. ಸೀಸ ಕರಗಿಸುವ ಜಾಗದಿಂದ ಇವೆರಡೂ ದೂರ ಇರಲಿ.

ನೋಟ್‌ಬುಕ್ಕಿನಲ್ಲಿ ಏನೇನು ಬರೆದಿಡಲಿ?

ವಾಪಸ್ ಬರುವವರು ನೀವೇ ಆದರೂ, ಏನೂ ಗೊತ್ತಿಲ್ಲದವರಿಗೆ ಬರೆದ ಹಾಗೆ ಬರೆಯಿರಿ. ನನ್ನ ಪುಸ್ತಕದ ಒಂದು ಸಾಲು ಹೀಗಿದೆ: ".358 ಇಂಚು, 158 ಗ್ರೇನ್ ಅಚ್ಚು. ವೀಲ್ ವೇಟ್ ಮತ್ತು ನೂರಕ್ಕೆ 2 ತವರ. ಪಾತ್ರೆ 720 ಡಿಗ್ರಿ ಫ್ಯಾರನ್‌ಹೀಟ್. ಮೊದಲ ಹದಿನೈದು ಸುಕ್ಕು, ಆಮೇಲೆ ಚೆನ್ನ. ನಿಧಾನ ಮಾಡಿದರೆ ಅಚ್ಚು ತಣ್ಣಗಾಗುತ್ತದೆ. ಎಡಗಡೆ ಗುಂಡು ಅಂಟುತ್ತದೆ, ಹಿಡಿಯ ತಿರುಗಣಿಗೆ ಮೆಲ್ಲಗೆ ಬಡಿ." ಆ ಕೊನೆಯ ವಾಕ್ಯ ನನ್ನ ಅರ್ಧ ದಿನ ಉಳಿಸಿತು. ಅಂಟಿದ ಗುಂಡು ಬಿಡಿಸಲು ಅಚ್ಚಿನ ಹೋಳಿಗೇ ಬಡಿಯುತ್ತಿದ್ದೆ ಇಲ್ಲದಿದ್ದರೆ.

ನಿಲ್ಲಿಸಿದ ಮೇಲೆ ಬೇಜಾರಾಗುತ್ತದೆ. ಸೋತ ಹಾಗೆ ಅನ್ನಿಸುತ್ತದೆ.

ಅನ್ನಿಸುತ್ತದೆ, ಗೊತ್ತು. ಸಂಜೆ ಗ್ಯಾರೇಜಿಗೆ ಕಾರು ತಂದಾಗ ಆ ಮೂಲೆ ಕಣ್ಣಿಗೆ ಬೀಳುತ್ತದೆ. ಬಿಸಿ ಸೀಸದ ವಾಸನೆ, ಮರದ ಕೋಲಿನಿಂದ ಸ್ಪ್ರೂ ಪ್ಲೇಟ್ ತಟ್ಟಿದಾಗ ಬರುವ ಟಕ್ ಶಬ್ದ, ಟವೆಲ್ಲಿನ ಮೇಲೆ ಬೆಳ್ಳಗೆ ಉರುಳುವ ಗುಂಡು ನೆನಪಾಗುತ್ತದೆ.

ಆಗ ನನಗೆ ನೆನಪಾಗುವುದು ಊರಿನ ಆಯುಧಗಳ ಹಬ್ಬ, ಕೈಲ್ ಪೊಳ್ದ್. ಕೊಡಗಿನಲ್ಲಿ ಮಳೆಗಾಲ ಅಂದರೆ ಗದ್ದೆ ಕೆಲಸದ ಕಾಲ. ನಾಟಿ ಮುಗಿಯುವವರೆಗೆ ಯಾರಿಗೂ ಪುರಸೊತ್ತಿಲ್ಲ. ಹಿಂದಿನ ಕಾಲದಲ್ಲಿ ಕೋವಿ, ಕತ್ತಿಗಳನ್ನೆಲ್ಲ ಆ ತಿಂಗಳುಗಳಲ್ಲಿ ದೇವರ ಕೋಣೆಯಲ್ಲಿ ಇಟ್ಟುಬಿಡುತ್ತಿದ್ದರು. ನಾಟಿ ಮುಗಿದು, ಸೆಪ್ಟೆಂಬರ್ ಶುರುವಿನಲ್ಲಿ ಹಬ್ಬ ಬಂದಾಗ ಹೊರಗೆ ತೆಗೆದು, ಒರೆಸಿ, ತೋಕ್ ಪೂ (ಕೋವಿ ಹೂ) ಮುಡಿಸಿ ಪೂಜೆ ಮಾಡುತ್ತಿದ್ದರು. ಗದ್ದೆ ಕೆಲಸಕ್ಕಾಗಿ ಕೋವಿ ಎತ್ತಿಟ್ಟವರನ್ನು ಯಾರೂ ಸೋತವರು ಅನ್ನಲಿಲ್ಲ. ನಾನು ಎರಡನೆಯ ಸಲ ನಿಲ್ಲಿಸಿದಾಗ ಅಚ್ಚುಗಳ ಡಬ್ಬಿಯ ಮೇಲೆ "ನಾಟಿ ಮುಗಿದ ಮೇಲೆ" ಅಂತ ಬರೆದಿಟ್ಟಿದ್ದೆ. ಅದನ್ನು ಓದಿದಾಗಲೆಲ್ಲ ಮನಸ್ಸು ಹಗುರವಾಗುತ್ತಿತ್ತು.

ನಡುವೆ ಒಮ್ಮೆಯಾದರೂ ತೆಗೆದು ನೋಡಬೇಕಾ?

ಆರು ತಿಂಗಳಿಗೊಮ್ಮೆ. ಒಹಾಯೋದ ಬೇಸಿಗೆಯಲ್ಲಿ ಬೇಸ್‌ಮೆಂಟ್ ಒದ್ದೆ ಒದ್ದೆ. ಹಾಗಾಗಿ ನಾನು ಜೂನ್ ಶುರುವಿನಲ್ಲಿ ಒಂದು ಸಲ, ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ಒಂದು ಸಲ ನೋಡುತ್ತೇನೆ. ಸಿಲಿಕಾ ಜೆಲ್ ಬದಲಿಸಿ, ಅಚ್ಚಿಗೆ ಬೆರಳು ಸವರಿ ಎಣ್ಣೆ ಇದೆಯಾ ನೋಡಿ, ಕೈ ತೊಳೆದುಕೊಳ್ಳಿ. ಕಾಲು ಗಂಟೆ ಸಾಕು.

ಬಿಡುವಾಯಿತು. ಮೊದಲ ದಿನ ಹೇಗೆ ಶುರು ಮಾಡಲಿ?

ತೇವದಿಂದ ಶುರು ಮಾಡಿ. ವರ್ಷಗಟ್ಟಲೆ ಇಟ್ಟ ಗಟ್ಟಿಗಳ ಬಿರುಕಿನಲ್ಲಿ, ತುಕ್ಕು ಹಿಡಿದ ಸೌಟಿನಲ್ಲಿ ತೇವ ಕೂತಿರುತ್ತದೆ. ಒಂದು ಹನಿ ನೀರು ಕರಗಿದ ಸೀಸದ ಕೆಳಗೆ ಸಿಕ್ಕಿಕೊಂಡರೆ ಅದು ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಪಾತ್ರೆಯ ಸೀಸ ಛಾವಣಿಯವರೆಗೂ ಸಿಡಿಯಬಹುದು. ಆದ್ದರಿಂದ ಹಳೆ ಗಟ್ಟಿಯನ್ನು ಎಂದೂ ಕರಗಿದ ಸೀಸಕ್ಕೆ ಹಾಕಬೇಡಿ. ಪಾತ್ರೆ ತಣ್ಣಗಿರುವಾಗಲೇ ಜೋಡಿಸಿ, ಆಮೇಲೆ ಸ್ವಿಚ್ ಹಾಕಿ. ಲೋಹದ ಜೊತೆಗೇ ಕಾದು ತೇವ ಆರಿಹೋಗುತ್ತದೆ. ಸೌಟನ್ನೂ ಪಾತ್ರೆಯ ಅಂಚಿನಲ್ಲಿ ಕಾಯಿಸಿ ಬಳಸಿ. ಮುಖಕ್ಕೆ ಪೂರ್ತಿ ಮುಚ್ಚುವ ಶೀಲ್ಡ್, ಉದ್ದ ತೋಳಿನ ಹತ್ತಿ ಬಟ್ಟೆ, ಚರ್ಮದ ಬೂಟು ಇಲ್ಲದೆ ಕೂರಬೇಡಿ.

ಸ್ವಿಚ್ ಹಾಕುವ ಮುಂಚೆ ವಯರ್ ನೋಡಿ. ಗ್ಯಾರೇಜಿನಲ್ಲಿ ಇಲಿ ಇದ್ದರೆ ಅದು ಮೊದಲು ಕಡಿಯುವುದು ಅದನ್ನೇ.

ಅಚ್ಚಿನ ಎಣ್ಣೆ ಪೂರ್ತಿ ಹೋಗಬೇಕು. ಬಿಸಿ ನೀರು, ಪಾತ್ರೆ ತೊಳೆಯುವ ಸೋಪು, ಹಳೆ ಟೂತ್‌ಬ್ರಷ್. ಆಮೇಲೆ ಚೆನ್ನಾಗಿ ಒಣಗಿಸಿ, ನಿಧಾನವಾಗಿ ಬಿಸಿ ಮಾಡಿ. ಚೂರು ಎಣ್ಣೆ ಉಳಿದಿದ್ದರೂ ಗುಂಡಿನ ಮೈ ಒಣದ್ರಾಕ್ಷಿಯ ಹಾಗೆ ಸುಕ್ಕಾಗುತ್ತದೆ. ಹಾಗಾದರೆ ಗಾಬರಿಯಾಗಿ ಉರಿ ಏರಿಸಬೇಡಿ. ಹೊಯ್ಯುತ್ತಾ ಇರಿ. ಹತ್ತೋ ಇಪ್ಪತ್ತೋ ಗುಂಡಾದ ಮೇಲೆ ಎಣ್ಣೆ ಸುಟ್ಟುಹೋಗಿ, ಅಚ್ಚು ಹದಕ್ಕೆ ಬಂದು, ಅಂಚು ಚೂಪಾಗಿ ಮೂಡಲು ಶುರುವಾಗುತ್ತದೆ. ಅಲ್ಲಿಯವರೆಗೆ ಬಂದದ್ದನ್ನು ಪಕ್ಕದಲ್ಲಿ ಒಂದು ಒಣ ತಟ್ಟೆಯಲ್ಲಿ ಹಾಕಿಕೊಳ್ಳಿ. ಅವನ್ನು ನೀರಿಗೆ ಬೀಳಿಸಬೇಡಿ, ಮುಂದಿನ ವಾರ ಪಾತ್ರೆ ತಣ್ಣಗಿರುವಾಗ ಅವೇ ಮೊದಲು ಒಳಗೆ ಹೋಗಬೇಕಾದವು.